ಖಳನ ಕಡತ

ವಿಡಿಯೋ ಆಟವೆಂಬುದು ಹುಡುಗರು ಕಣ್ಣು ಕೆಡಿಸಿಕೊಳ್ಳುವ ಉಪಾಯವೆಂದು ನಮ್ಮ ವಾಚಕರಲ್ಲಿ ಅನೇಕರ ಮತ. ಅದನ್ನು ತಿದ್ದುವ ಉದ್ದೇಶ ನಮಗಿಲ್ಲ. ಹಗಲೆಲ್ಲ ಕಡತ ನೋಡಿ ಕೆಟ್ಟ ಕಣ್ಣು ರಾತ್ರಿ ಇನ್ನೆಷ್ಟು ಕೆಟ್ಟೀತೆಂಬ ಧೈರ್ಯದಿಂದ ನಾವು ಅಂಥದೊಂದು ಆಟವನ್ನು ಆದ್ಯಂತವಾಗಿ ಎರಡು ಬಾರಿ ಆಡಿದ್ದೇವೆ. ಅದರಲ್ಲಿ ಬರುವ ಖಳನೊಬ್ಬನ ವಿಷಯವೇ ಈ ಸಲದ ನಮ್ಮ ಹರಟೆ.

ಆಟದ ಹೆಸರು ‘ಡ್ರ್ಯಾಗನ್ ಏಜ್: ಒರಿಜಿನ್ಸ್’. ಕೆನಡಾದ ಬಯೋವೇರ್ ಸಂಸ್ಥೆಯವರು 2009ರಲ್ಲಿ ಹೊರತಂದದ್ದು. ಫೆರೆಲ್ಡನ್ ಎಂಬ ಕಲ್ಪಿತ ರಾಜ್ಯದ ಮೇಲೆ ಪಾತಾಳದಿಂದ ಎದ್ದು ಬಂದ ವಿಕಾರಜೀವಿಗಳ ದಂಡು ಬೀಳುತ್ತದೆ. ಅವುಗಳೊಡನೆ ಕಾದುವುದನ್ನೇ ವ್ರತವಾಗಿ ಹಿಡಿದ ಪಂಗಡಕ್ಕೆ ಗ್ರೇ ವಾರ್ಡನ್ ಎಂದು ಹೆಸರು. ಆಡುವವನು ಆ ಪಂಗಡಕ್ಕೆ ಹೊಸದಾಗಿ ಸೇರಿದವನು. ಓಸ್ಟಗಾರ್ ಎಂಬಲ್ಲಿ ಯುದ್ಧ. ತರುಣ ರಾಜ ಕೇಲನ್ ಮುಂಚೂಣಿಯಲ್ಲಿ; ಸೇನಾಪತಿ ಲೋಗೇನ್ ದೊಡ್ಡ ಪಡೆಯೊಡನೆ ಬೇರೆಡೆಯಲ್ಲಿ. ಗೋಪುರದ ಮೇಲೆ ಬೆಂಕಿ ಕಂಡೊಡನೆ ಸೇನಾಪತಿ ನುಗ್ಗಬೇಕೆಂದು ಕರಾರು. ಬೆಂಕಿ ಹೊತ್ತುತ್ತದೆ. ಲೋಗೇನ್ ನೋಡುತ್ತಾನೆ, ನೋಡಿ, ಹಿಂದಿರುಗುವಂತೆ ಪಡೆಗೆ ಅಪ್ಪಣೆ ಕೊಡುತ್ತಾನೆ. ರಾಜ ಅಲ್ಲಿಯೇ ಮಡಿಯುತ್ತಾನೆ. ಆ ರಾಜ ಬೇರೆ ಯಾರೂ ಅಲ್ಲ, ಲೋಗೇನನ ಸ್ವಂತ ಅಳಿಯ, ಮಗಳು ಅನೋರಾಳ ಗಂಡ.

ಇಷ್ಟೇ ಆಗಿದ್ದರೆ ಬಯ್ದು ಮುಗಿಸಬಹುದಿತ್ತು. ಆದರೆ ಆಟ ಸಾಗಿದಂತೆ ಈ ಮನುಷ್ಯನ ಹಳೆಯ ಕಡತ ಬಿಚ್ಚಿಕೊಳ್ಳುತ್ತದೆ. ಅವನು ಹುಟ್ಟಿದ್ದು ಬೇಸಾಯಗಾರನ ಮನೆಯಲ್ಲಿ. ನೆರೆಯ ಆರ್ಲೇ ಸಾಮ್ರಾಜ್ಯದವರು ಫೆರೆಲ್ಡನ್ನನ್ನು ಗೆದ್ದು ಆಳುತ್ತಿದ್ದ ಕಾಲ. ಅವರ ದಬ್ಬಾಳಿಕೆಯಲ್ಲಿ ಹೊಲಮನೆ ಕಳೆದುಕೊಂಡ ಈ ಹುಡುಗ, ಕೇಲನನ ತಂದೆಯಾದ ಮಾರಿಕ್‌ನ ಬಲಗೈಯಾಗಿ ನಿಂತು, ಡೇನ್ ನದಿಯ ಕಾಳಗದಲ್ಲಿ ಶತ್ರುಗಳನ್ನು ಮುರಿದು ದೇಶವನ್ನು ಬಿಡಿಸಿದ. ಹಾಗೆ ಬಿಡಿಸಿದ ದೇಶಕ್ಕೆ, ಈಗಿನ ಯುದ್ಧದ ನೆವದಲ್ಲಿ, ಅದೇ ಆರ್ಲೇಯ ಸೈನ್ಯವನ್ನು ಕರೆಸೋಣವೆಂದು ಅಳಿಯ ಹೊರಟಿದ್ದಾನೆ! ಮುಂಚೂಣಿಗೆ ಹೋಗಬೇಡವೆಂದು ಹೇಳಿದರೂ ಕೇಳಿಲ್ಲ. ಬೆಂಕಿ ಕಂಡಾಗ ಕಾಳಗ ಕೈಮೀರಿತ್ತು, ನುಗ್ಗಿದ್ದರೆ ದೇಶಕ್ಕೆ ಸೈನ್ಯವೇ ಉಳಿಯುತ್ತಿರಲಿಲ್ಲ ಎಂದು ಲೋಗೇನನ ವಾದ. ಒಪ್ಪದಿರಬಹುದು, ಆದರೆ ನಕ್ಕು ತಳ್ಳಿಹಾಕುವಂತಿಲ್ಲ.

ಎದುರಾಳಿಗಾಗಿ ಮರುಗುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರನ್ನನ ಗದಾಯುದ್ಧ ಓದಿದವರು ದುರ್ಯೋಧನನಿಗಾಗಿ ಮರುಗಿದ್ದೇವೆ. ನಾಗಚಂದ್ರನ ರಾವಣನಿಗಾಗಿ ನಿಟ್ಟುಸಿರು ಬಿಟ್ಟಿದ್ದೇವೆ. ಆದರೆ ಅಲ್ಲಿ ತೀರ್ಪು ಕವಿಯದು, ನಮ್ಮದು ಕಣ್ಣೀರು ಮಾತ್ರ. ಇಲ್ಲಿ ಹಾಗಲ್ಲ. ಡೆನೆರಿಮ್ ರಾಜಧಾನಿಯ ಸಾಮಂತರ ಸಭೆಯಲ್ಲಿ ಸೋತು ಶರಣಾದ ಲೋಗೇನ್ ಎದುರಿಗಿರುತ್ತಾನೆ. ಕೊಲ್ಲಲೇಬೇಕೆಂದು ಜೊತೆಗಾರ ಅಲಿಸ್ಟೇರ್ ಹಟ ಹಿಡಿಯುತ್ತಾನೆ. ಓಸ್ಟಗಾರ್‌ನಲ್ಲಿ ಸತ್ತ ವಾರ್ಡನ್‌ಗಳು ಅವನಿಗೆ ಮನೆಯವರಂತೆ ಇದ್ದವರು. ಕೊಲ್ಲಬೇಡಿ, ವಾರ್ಡನ್ನಾಗಿ ಸೇರಿಸಿಕೊಳ್ಳಿ ಎಂದು ಇನ್ನೊಬ್ಬ ಹಿರಿಯ ವಾರ್ಡನ್ ಸೂಚಿಸುತ್ತಾನೆ. ಮಗಳು ಅಲ್ಲಿಯೇ ನಿಂತಿರುತ್ತಾಳೆ. ತೀರ್ಪು ನಮ್ಮದು.

ಮೊದಲ ಸಲ ನಾವು ಉಳಿಸಿದೆವು. ಅಲಿಸ್ಟೇರ್ ಮುನಿದು ಹೊರಟೇ ಹೋದ. ದಾರಿಯುದ್ದಕ್ಕೂ ನಗಿಸುತ್ತ ಬಂದ ಗೆಳೆಯ ಮತ್ತೆ ಸಿಗಲಿಲ್ಲ. ದಯೆಗೂ ಬೆಲೆಯುಂಟು, ಅದನ್ನು ಹಲವೊಮ್ಮೆ ಮೂರನೆಯವನು ತೆರಬೇಕಾಗುತ್ತದೆ. ಕೊನೆಗೆ ಮಹಾಸರ್ಪದಂಥ ಶತ್ರುವಿಗೆ ಕಡೆಯ ಪೆಟ್ಟು ಕೊಡುವ ವಾರ್ಡನ್ ತಾನೂ ಸಾಯಬೇಕೆಂದು ತಿಳಿದಾಗ, ತಾನೇ ಹೋಗುತ್ತೇನೆಂದು ಲೋಗೇನ್ ಮುಂದೆ ಬಂದ. ಹೋದ. ನಮ್ಮ ಗಂಟಲು ಕಟ್ಟಿದ್ದು ನಿಜ.

ಎರಡನೆಯ ಸಲದ ಕಥೆ ಬೇರೆ. ಈ ಆಟವನ್ನು ಆರು ಬಗೆಯ ಹುಟ್ಟುಗಳಲ್ಲಿ ಯಾವುದರಿಂದಲಾದರೂ ಆರಂಭಿಸಬಹುದು. ಮೊದಲು ಸಾಮಂತನ ಮನೆಯಲ್ಲಿ ಹುಟ್ಟಿದ್ದ ನಾವು, ಈ ಸಲ ಡೆನೆರಿಮ್‌ನ ಎಲ್ಫ್ ಕೇರಿಯಲ್ಲಿ ಹುಡುಗಿಯಾಗಿ ಹುಟ್ಟಿದೆವು. ಎಲ್ಫ್ ಜನರನ್ನು ಊರೊಳಗೆ ಗೋಡೆ ಹಾಕಿ ಬೇರೆಯಿರಿಸಿದ ಕೇರಿ ಅದು. ಇಂಥ ಗೋಡೆ ಎಂಥದೆಂದು ನಮ್ಮ ದೇಶದವರಿಗೆ ವಿವರಿಸಬೇಕಾಗಿಲ್ಲ. ಒಳಯುದ್ಧಕ್ಕೆ ಹಣ ಸಾಲದೆ ಲೋಗೇನ್ ಈ ಕೇರಿಯ ಜನರನ್ನು ಟೆವಿಂಟರ್ ದೇಶದ ವ್ಯಾಪಾರಿಗಳಿಗೆ ಗುಲಾಮರಾಗಿ ಮಾರಲು ಬಿಟ್ಟಿರುತ್ತಾನೆ. ಅದಕ್ಕೆ ಅವನು ಒಪ್ಪಿಗೆ ಕೊಟ್ಟ ಕಾಗದಪತ್ರ ಅಲ್ಲಿಯೇ ಸಿಗುತ್ತದೆ. ಮೊದಲ ಆಟದಲ್ಲೂ ಆ ಕಾಗದ ಸಿಕ್ಕಿತ್ತು; ಆಗ ಅದು ಸಾಕ್ಷ್ಯ ಮಾತ್ರ. ಈ ಸಲ ಸೆರೆಯಲ್ಲಿದ್ದವರೊಳಗೆ ನಮ್ಮ ಆಟದ ತಂದೆಯೂ ಇದ್ದ.

ಸಭೆಯಲ್ಲಿ ಲೋಗೇನ್ ಕೊಡುವ ಸಮಜಾಯಿಷಿ ಕೇಳಿ: ಆ ಕೇರಿಯನ್ನು ಉಳಿಸಲು ಸಾಧ್ಯವೇ ಇರಲಿಲ್ಲ, ದೇಶದ ಒಳಿತಿಗಾಗಿ ಮಾಡಿದೆ ಎಂದು. ಓಸ್ಟಗಾರ್‌ನಲ್ಲಿ ಅಳಿಯನ ಮೇಲೆ ಬರೆದ ಷರಾ ಇದೇ ಅಲ್ಲವೆ? ಒಂದೇ ಟಿಪ್ಪಣಿ ಎರಡು ಕಡತಗಳಲ್ಲಿ. ಒಂದರಲ್ಲಿ ರಾಜ ಸತ್ತ, ಎಲ್ಲರಿಗೂ ನೆನಪಿದೆ. ಇನ್ನೊಂದರಲ್ಲಿ ಮಾರಾಟವಾದವರ ಹೆಸರು ಕೂಡ ಇಲ್ಲ. ಸಾಮಂತರ ಸಭೆಯಲ್ಲಿ ಅವರಿಗೆ ಮಣೆಯೂ ಇಲ್ಲ. ಪರಕೀಯರು ತನ್ನ ಜನರಿಗೆ ಮಾಡಿದ್ದನ್ನು ಮರೆಯಲಾರದವನು ತನ್ನ ರಾಜಧಾನಿಯ ಜನರಿಗೇ ಅದನ್ನು ಮಾಡಿ ಸಹಿ ಹಾಕಿದ.

ಎರಡನೆಯ ಸಲ ನಾವು ಅವನನ್ನು ಉಳಿಸಲಿಲ್ಲ. ಅವನ ಹೊಲ, ಅವನ ನದಿ, ಅವನ ಮಗಳು ಯಾವುದೂ ಮರೆತಿರಲಿಲ್ಲ, ಮರುಕವೂ ಕಡಮೆಯಾಗಿರಲಿಲ್ಲ. ಕಥೆ ಇರುವವನಿಗೆ ನಮ್ಮ ಮರುಕ ಬೇಗ ಸಲ್ಲುತ್ತದೆ; ಕಥೆ ಹೇಳಲು ಯಾರೂ ಇಲ್ಲದವರಿಗೆ ತಡವಾಗಿ, ಕೆಲವೊಮ್ಮೆ ಇಲ್ಲವೇ ಇಲ್ಲ. ಆದ್ದರಿಂದ ಖಳನ ಕಡತವನ್ನು ಓದಬಾರದೆಂದು ನಾವು ಹೇಳುವುದಿಲ್ಲ; ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಆದರೆ ಅದರ ಕೆಳಗೆ, ಅರಿವೆ ಸುತ್ತಿ ಇಟ್ಟ ಆ ಇನ್ನೊಂದು ತೆಳ್ಳನೆಯ ಕಡತವನ್ನೂ ತೆಗೆದು ಓದಿದ ಮೇಲೆಯೇ ಆಜ್ಞೆ ಬರೆಯಬೇಕು. ಮನೆಯಲ್ಲಿ ಈ ಆಟವಾಡುವ ಹುಡುಗರಿದ್ದರೆ, ವಾಚಕರು ಒಮ್ಮೆ ಅವರನ್ನು ಕೇಳಿ ನೋಡಲಿ: ಲೋಗೇನನನ್ನು ಏನು ಮಾಡಿದೆಯಪ್ಪಾ, ಏಕೆ? ಅವರ ಉತ್ತರ ಕೇಳಲು ನಮಗೂ ಕುತೂಹಲವಿದೆ.