ಸಲಹೆಗಾರನೋ, ದಲ್ಲಾಳಿಯೋ?



ಹೋದ ಯುಗಾದಿಯ ಹೊತ್ತಿಗೆ ಊರಿನ ಕಡೆಯಿಂದ ನನಗೊಂದು ಫೋನ್ ಬಂತು. ಮಾತಾಡಿದವರು ಪರಿಚಯದ ಹಿರಿಯರು. "ನಮ್ಮ ನಗರಸಭೆಯ ಹಳೇ ಮಾರ್ಕೆಟ್ ಜಾಗ ಇದೆಯಲ್ಲಪ್ಪ, ಅದನ್ನ ಡೆವಲಪ್ ಮಾಡ್ಬೇಕು ಅಂತಿದಾರೆ. ನೀನು ಲಂಡನ್ನಲ್ಲಿ ಇದೇ ಕೆಲಸ ಮಾಡೋನು. ಸಲಹೆಗಾರ ಅಂತ ನಿನ್ನ ಹೆಸರು ಹಾಕಿಸ್ತೀನಿ. ದುಡ್ಡು ಹಾಕೋ ಪಾರ್ಟಿ ಕರ್ಕೊಂಡು ಬಾ, ವ್ಯವಹಾರ ಕುದುರಿದ್ರೆ ನೂರಕ್ಕೆ ಎರಡು ನಿಂಗೆ" ಅಂದರು.

ಅದು ದಲ್ಲಾಳಿ ಕೆಲಸ ಆಗತ್ತೆ, ಆಗಲ್ಲ ಅಂದೆ. ಅವರಿಗೆ ಬೇಸರವಾಯಿತು. "ಯಾಕೆ, ಅದಕ್ಕೂ ಲೈಸೆನ್ಸ್ ಬೇಕಾ?" ಅಂತ ಕೇಳಿದರು.

ಪ್ರಶ್ನೆ ಒಳ್ಳೆಯದೇ. ಇಲ್ಲಿನ ಕೌನ್ಸಿಲ್‌ಗಳ ಜಾಗದ ಲೆಕ್ಕಾಚಾರ ಮಾಡಿಕೊಟ್ಟು ಹೊಟ್ಟೆ ಹೊರೆಯುವ ನನ್ನಂಥವರು ಉತ್ತರ ಹೇಳಲೇಬೇಕು.

ಅಮೆರಿಕದಲ್ಲಾದರೆ ಕಮಿಷನ್ ತೆಗೆದುಕೊಂಡು ಬೇರೆಯವರ ಜಾಗ ಮಾರಿಸುವವನಿಗೆ ಆಯಾ ರಾಜ್ಯದ ಬ್ರೋಕರ್ ಲೈಸೆನ್ಸ್ ಬೇಕು. ಇಲ್ಲಿ ಬ್ರಿಟನ್ನಿನಲ್ಲಿ? ಕೇಳಿದರೆ ನಗು ಬರುತ್ತದೆ. ಎಸ್ಟೇಟ್ ಏಜೆಂಟ್ ಆಗುವುದಕ್ಕೇ ಲೈಸೆನ್ಸ್ ಬೇಕಿಲ್ಲ! 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆಯ 22ನೇ ಸೆಕ್ಷನ್ ಏಜೆಂಟರಿಗೆ ಕನಿಷ್ಠ ಅರ್ಹತೆ ಇರಬೇಕೆಂದು ನಿಯಮ ಮಾಡಲು ಅವಕಾಶ ಕೊಟ್ಟಿತ್ತು. ಅದು ಜಾರಿಗೇ ಬರಲಿಲ್ಲ. 2019ರಲ್ಲಿ ಲಾರ್ಡ್ ಬೆಸ್ಟ್ ಸಮಿತಿ ಏಜೆಂಟರಿಗೆ ಲೈಸೆನ್ಸ್, ಪರೀಕ್ಷೆ ಎಲ್ಲ ಬೇಕು ಎಂದು ವರದಿ ಕೊಟ್ಟಿತು. ಆ ಸಲಹೆಯೂ ಕಾನೂನಾಗಿಲ್ಲ.

ಆದರೂ ಆ ಹಳೆಯ ಕಾಯ್ದೆಯಲ್ಲಿ ನಾವು ಕಲಿಯಬೇಕಾದ ಎರಡು ಮಾತುಗಳಿವೆ.

ಒಂದು, ಅದು ಬೋರ್ಡಿನ ಮೇಲಿನ ಹೆಸರು ನೋಡುವುದಿಲ್ಲ, ಕೆಲಸ ನೋಡುತ್ತದೆ. ಮಾರುವವರು ಹೇಳಿದ್ದಕ್ಕೆ ವ್ಯಾಪಾರವಾಗಿ ಕೊಳ್ಳುವವರನ್ನು ಪರಿಚಯಿಸಿದರೆ ಅದು ಎಸ್ಟೇಟ್ ಏಜೆನ್ಸಿ ಕೆಲಸ. ಪ್ಲಾನಿಂಗ್ ಅರ್ಜಿಗೆ ಸಂಬಂಧಿಸಿದ ಕೆಲಸ, ಬೇರೆಯೇ ಕರಾರಿನ ಮೇಲೆ ಮಾಡುವ ಸರ್ವೇ ಮತ್ತು ಬೆಲೆ ಕಟ್ಟುವ ಕೆಲಸ, ಇವು ಅದರ ಹೊರಗೆ. ಅಂದರೆ ಬೆಳಿಗ್ಗೆ ಪ್ಲಾನಿಂಗ್ ಸಲಹೆ ಕೊಟ್ಟ ಕನ್ಸಲ್ಟೆಂಟ್ ಸಂಜೆ ಬಿಲ್ಡರನ್ನು ಕರೆತಂದರೆ, ಸಂಜೆಯ ಮಟ್ಟಿಗೆ ಅವನು ದಲ್ಲಾಳಿಯೇ.

ಎರಡು, 21ನೇ ಸೆಕ್ಷನ್. ಜಾಗದಲ್ಲಿ ತನಗೆ ಸ್ವಂತ ಹಿತಾಸಕ್ತಿ ಇದ್ದರೆ ಏಜೆಂಟ್ ಅದನ್ನು ಹೇಳಿಯೇ ಮಾತುಕತೆಗೆ ಕೂರಬೇಕು.

ನಮ್ಮ ಕಡೆ? 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಏಜೆಂಟರು ನೋಂದಣಿ ಮಾಡಿಸಲೇಬೇಕು. ಆದರೆ ಅದು ರೇರಾದಲ್ಲಿ ನೋಂದಾಯಿಸಿದ ಯೋಜನೆಗಳ ಸೈಟು, ಫ್ಲಾಟುಗಳಿಗೆ. ನಗರಸಭೆಯ ಖಾಲಿ ಜಾಗವನ್ನು ಬಿಲ್ಡರಿಗೆ ಕುದುರಿಸಿಕೊಡುವ 'ಸಲಹೆಗಾರ' ಆ ಬಲೆಗೆ ಬೀಳುವುದಿಲ್ಲ. ಫ್ಲಾಟ್ ತೋರಿಸಿ ಬದುಕುವ ಬಡ ಬ್ರೋಕರಿಗೆ ನೋಂದಣಿ, ಊರಿನ ಮಾರ್ಕೆಟ್ಟನ್ನೇ ಮಾರಿಸುವವನಿಗೆ ಹಾರ!

"ನಗರಸಭೆ ಹತ್ರ ದುಡ್ಡೆಲ್ಲಿದೆ? ಕೆಲಸ ಆದರಷ್ಟೇ ಫೀಸು ಅಂದ್ರೆ ನ್ಯಾಯವೇ ಅಲ್ವಾ?" ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 50 ಕೋಟಿ ಬಾಳುವ ಜಾಗ 45 ಕೋಟಿಗೆ ಹೋಯಿತು ಅಂತಿಟ್ಟುಕೊಳ್ಳಿ. ನೂರಕ್ಕೆ ಎರಡರಂತೆ ಸಲಹೆಗಾರನಿಗೆ 1 ಕೋಟಿಯ ಬದಲು 90 ಲಕ್ಷ. ಅವನ ನಷ್ಟ 10 ಲಕ್ಷ, ಊರಿನ ನಷ್ಟ 5 ಕೋಟಿ. ಬೇಗ ಮುಗಿಸಿದಷ್ಟೂ ಅವನಿಗೆ ಲಾಭ. ಎಲ್ಲಕ್ಕಿಂತ ಹೆಚ್ಚಾಗಿ, ಮಾರಿದರಷ್ಟೇ ಹಣ ಸಿಗುವ ಸಲಹೆಗಾರ "ಈ ಜಾಗ ಮಾರಬೇಡಿ" ಎಂದು ಯಾವತ್ತಾದರೂ ಹೇಳುತ್ತಾನೆಯೇ? ಹಲವು ಸಲ ಹೇಳಬೇಕಾದ ಸಲಹೆ ಅದೊಂದೇ.

ಲೈಸೆನ್ಸ್ ಇದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ನಾನಿರುವ ಕ್ರಾಯ್ಡನ್‌ನಲ್ಲಿ ಕೌನ್ಸಿಲ್ ತಾನೇ 'ಬ್ರಿಕ್ ಬೈ ಬ್ರಿಕ್' ಎಂಬ ಕಂಪನಿ ಕಟ್ಟಿ ಮನೆ ಕಟ್ಟುವ ವ್ಯಾಪಾರಕ್ಕಿಳಿಯಿತು. ಹೆಚ್ಚುಕಡಿಮೆ 20 ಕೋಟಿ ಪೌಂಡ್ ಸಾಲ ಕೊಟ್ಟರೂ ಬರಬೇಕಾದ ಬಡ್ಡಿ ಬಂದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಆಡಿಟರ್ ವರದಿ ಹೇಳಿತು. ಮುಂದಿನ ತಿಂಗಳೇ ಖರ್ಚಿಗೆ ತಡೆ ಹಾಕುವ ಸೆಕ್ಷನ್ 114 ನೋಟಿಸ್! ಕೌನ್ಸಿಲ್ಲಿನ ಕಷ್ಟಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ 2023ರಲ್ಲಿ ಕೌನ್ಸಿಲ್ ತೆರಿಗೆ ನೂರಕ್ಕೆ 15ರಷ್ಟು ಏರಿದಾಗ ಬಿಲ್ಲು ಬಂದದ್ದು ನಮ್ಮ ಮನೆಗಳಿಗೆ. ಅಲ್ಲಿ ಕೊರತೆಯಾದದ್ದು ಲೈಸೆನ್ಸ್ ಅಲ್ಲ, ಲೆಕ್ಕದ ಮೇಲೆ ಕಣ್ಣಿಟ್ಟು ಹೊತ್ತಿಗೆ ಸರಿಯಾಗಿ "ನಿಲ್ಲಿಸಿ" ಎನ್ನುವ ದನಿ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಜಾಗಕ್ಕೆ ಗಿರಾಕಿ ತರುವವನು ಏನೆಂದು ಕರೆದುಕೊಂಡರೂ ಏಜೆಂಟ್ ಎಂದು ನೋಂದಣಿ ಮಾಡಿಸಲಿ. ಸಲಹೆ ಕೊಡುವವನಿಗೆ ನಿಗದಿಯಾದ ಫೀಸು ಕೊಡಿ, ಮಾರಾಟದಲ್ಲಿ ಪಾಲು ಬೇಡ. ಇಬ್ಬರೂ ಒಬ್ಬರೇ ಆಗುವುದು ಬೇಡ. ಯಾರ ಹಣ ಯಾರಿಗೆ ಹೋಯಿತು ಎಂಬುದು ನಗರಸಭೆಯ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಿರಲಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ 5 ನಗರಪಾಲಿಕೆಗಳಾದವು. ಸಲಹೆಗಾರರ ಸಾಲು ಇನ್ನೂ ಉದ್ದವಾಗಲಿದೆ. ಈ ನಿಯಮ ಈಗಲೇ ಬರಲಿ.

ಆ ಹಿರಿಯರಿಗೆ ಮತ್ತೆ ನಾನೇ ಫೋನ್ ಮಾಡಿದೆ. "ಜಾಗಕ್ಕೆ ಬೆಲೆ ಕಟ್ಟಿಸೋದು ಹೇಗೆ, ಹರಾಜಿನ ಷರತ್ತು ಏನಿರಬೇಕು, ಈಗಿರೋ ತರಕಾರಿಯವರಿಗೆ ಎಲ್ಲಿ ಜಾಗ ಕೊಡಬೇಕು, ಎಲ್ಲ ಬರೆದುಕೊಡ್ತೀನಿ. ದುಡ್ಡು ಬೇಡ. ಪಾರ್ಟಿ ಮಾತ್ರ ತರಲ್ಲ" ಅಂದೆ. "ನೋಡೋಣ" ಅಂದರು. ಆಮೇಲೆ ಸುದ್ದಿಯಿಲ್ಲ.

ಲಂಡನ್ನಿನಲ್ಲಿರುವ ಇಂಜಿನಿಯರ್, ಸರ್ವೇಯರ್, ಲೆಕ್ಕಿಗ ಗೆಳೆಯರೇ, ಇಂಥ ಫೋನ್ ನಿಮಗೂ ಇವತ್ತಲ್ಲ ನಾಳೆ ಬರುತ್ತದೆ. ಊರಿಗೆ ಏನಾದರೂ ಮಾಡಬೇಕೆಂಬ ಆಸೆಯನ್ನೇ ಹಿಡಿದು ಮಾತಾಡಿಸುತ್ತಾರೆ. ಲೈಸೆನ್ಸ್ ಬೇಕೇ ಎಂದು ಕೇಳುವ ಮೊದಲು, ನನಗೆ ದುಡ್ಡು ಕೊಡುವವರು ಯಾರು, ಯಾತಕ್ಕೆ ಎಂದು ಕೇಳಿಕೊಳ್ಳೋಣ. ಏನಂತೀರಿ?