ಬಾಡಿಗೆ ಮನೆಯ ನಷ್ಟ ತೆರಿಗೆಯಲ್ಲಿ ತುಂಬಿಬರುತ್ತದೆಯೇ?



ಕೆಚ್ಚಲು ಬಾವು ಬಂದಿದ್ದ ಹಸು ನೋಡಲು ಹೋದಾಗ ಸಂಘದ ಸದಸ್ಯೆಯೊಬ್ಬರು ಕೇಳಿದರು: "ಡಾಕ್ಟ್ರೇ, ಎಂಟರಲ್ಲಿ ನಾಲ್ಕು ಹಸು ಮಾರಿ, ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಟೌನಲ್ಲಿ ಎರಡು ಬಾಡಿಗೆ ಮನೆ ಕಟ್ಟಿಸೋಣ ಅಂತಿದ್ದೀವಿ. ಮೊದಮೊದಲು ಲುಕ್ಸಾನಾದ್ರೂ ತೆರಿಗೇಲಿ ಕಳೀಬಹುದಂತೆ, ಎಂಟು ವರ್ಷ ಮುಂದಕ್ಕೂ ಹಾಕ್ಕೋಬಹುದಂತೆ. ಹೌದಾ?"

ಕಾನೂನಿನಲ್ಲಿ ಇರುವುದು ನಿಜ. ಆದರೆ ಈ ಮಾತು ನಂಬಿ ಹಸು ಮಾರಬೇಡಿ ಎಂಬುದು ನನ್ನ ಅಭಿಪ್ರಾಯ. ನಾನು ಆಡಿಟರ್ ಅಲ್ಲ. ಆದರೆ ಸಾಲದ ಮನೆಯೊಂದನ್ನು ಬಾಡಿಗೆಗೆ ಕೊಟ್ಟು ಪ್ರತಿ ವರ್ಷ ಈ ಲೆಕ್ಕ ಹಾಕುವವರಲ್ಲಿ ನಾನೂ ಒಬ್ಬ.

ಅವರ ಲೆಕ್ಕವನ್ನೇ ನೋಡಿ. ಎರಡು ಮನೆಗೆ ತಿಂಗಳಿಗೆ 12,000 ಬಾಡಿಗೆ ಬಂದರೆ ವರ್ಷಕ್ಕೆ 1,44,000. ಕಟ್ಟಿದ ಮನೆ ಕಂದಾಯ 4,000 ಕಳೆದರೆ 1,40,000. ಇದರಲ್ಲಿ ಶೇ. 30, ಅಂದರೆ 42,000 ರೂಪಾಯಿಯನ್ನು ರಸೀದಿ ಕೇಳದೆ ಬಿಡುತ್ತಾರೆ. ಉಳಿದದ್ದು 98,000. ಸಾಲದ ಬಡ್ಡಿ 2,10,000 ಆದರೆ ಕಾಗದದ ಮೇಲೆ 1,12,000 ನಷ್ಟ. ನಿಮ್ಮ ಕೈಯಿಂದ ನಿಜವಾಗಿ ಹೋಗುವುದು 70,000. ಅಸಲಿನ ಕಂತು ಬೇರೆ. ಅದೆಲ್ಲ ಬರಬೇಕಾದದ್ದು ಹಾಲಿನ ಬಟವಾಡೆಯಿಂದಲೇ. ನಾಲ್ಕು ಹಸು ಹೋದ ಮೇಲೆ ಬಟವಾಡೆ ಎಷ್ಟು ಉಳಿಯುತ್ತದೆ?

ಹಳೇ ತೆರಿಗೆ ಪದ್ಧತಿಯಲ್ಲಿ ಇಂಥ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಬೇರೆ ಆದಾಯದಲ್ಲಿ ಕಳೆಯಬಹುದು. ಮಿಕ್ಕಿದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಆಗ ಮನೆ ಬಾಡಿಗೆಯ ಆದಾಯದಲ್ಲಿ ಮಾತ್ರ ಕಳೆಯಬೇಕು. ಹೊಸ ಪದ್ಧತಿಯಲ್ಲಿ ಬಾಡಿಗೆ ನಷ್ಟವನ್ನು ಹಾಲಿನ ಲಾಭದಲ್ಲಿ ಕಳೆಯುವಂತೆಯೇ ಇಲ್ಲ.

ಹಾಲಿನ ಲಾಭ ಕೃಷಿ ಆದಾಯವಲ್ಲ, ತೆರಿಗೆ ಲೆಕ್ಕಕ್ಕೆ ಬರುತ್ತದೆ. ಆದರೂ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಎಂಟು ಹಸುವಿನ ಮನೆಗೆ ಅಷ್ಟು ಲಾಭ ಎಲ್ಲಿಂದ? ಕಟ್ಟಬೇಕಾದ ತೆರಿಗೆಯೇ ಇಲ್ಲದಾಗ ಉಳಿಸುವುದೇನನ್ನು? "ತೆರಿಗೆ ಉಳಿಯುತ್ತೆ" ಎಂದು ಸಾಲ ಕೊಡಿಸುವವರು ಈ ಮಾತು ಹೇಳುವುದಿಲ್ಲ.

ಈಗಾಗಲೇ ಕಟ್ಟಿಸಿದ್ದೀರಾ? ಹಾಗಾದರೆ ಪತ್ರ ಯಾರ ಹೆಸರಿನಲ್ಲಿದೆ ನೋಡಿ. ಕಂತು ನಿಮ್ಮ ಖಾತೆಯಿಂದ ಹೋಗುತ್ತಿದ್ದರೂ ಮನೆ ಯಜಮಾನರ ಹೆಸರಿನಲ್ಲಿದ್ದರೆ ನಷ್ಟ ಅವರ ಲೆಕ್ಕಕ್ಕೇ ಸೇರುವುದು. ಜಂಟಿ ಒಡೆತನವಿದ್ದರೆ ಅವರವರ ಪಾಲಿನಷ್ಟು. ಸಂಬಳದ ಮಗನೋ ಸೊಸೆಯೋ ಪಾಲುದಾರರಾಗಿದ್ದು ಹಳೇ ಪದ್ಧತಿಯಲ್ಲಿದ್ದರೆ ಅವರಿಗೆ ಪ್ರಯೋಜನವಾದೀತು. ರಿಟರ್ನ್‌ನಲ್ಲಿ ತೋರಿಸದ ನಷ್ಟ ಮುಂದಕ್ಕೆ ಹೋಗುವುದಿಲ್ಲ, ಕಿವಿಯೋಲೆ ಇಲ್ಲದ ಹಸುವಿಗೆ ವಿಮೆ ಕೇಳಿದ ಹಾಗೆ. ಬ್ಯಾಂಕಿನ ಬಡ್ಡಿ ಪತ್ರ, ಕಂದಾಯದ ರಸೀದಿ ಎರಡನ್ನೂ ಎತ್ತಿಡಿ. ರಿಟರ್ನ್ ತಡವಾದರೂ ಮನೆ ಬಾಡಿಗೆಯ ನಷ್ಟ ಮುಂದಕ್ಕೆ ಹೋಗುತ್ತದೆ. ಆದರೆ ಹೈನುಗಾರಿಕೆಯಂಥ ವ್ಯವಹಾರದ ಆದಾಯ ಇರುವವರು ಹಳೇ ಪದ್ಧತಿ ಬೇಕೆಂದರೆ ಅದರ ಫಾರಂ ಅನ್ನು ಗಡುವಿನೊಳಗೇ ಕೊಡಬೇಕು. ಒಮ್ಮೆ ಹೊಸದಕ್ಕೆ ಮರಳಿದರೆ, ಆ ಆದಾಯ ಇರುವವರೆಗೆ ಮತ್ತೆ ಹಳೆಯದು ಸಿಗದು.

ಆ ಅಕ್ಕ ಇನ್ನೂ ಸಾಲದ ಅರ್ಜಿಗೆ ಸಹಿ ಹಾಕಿಲ್ಲ. ಮಾರಲು ಗುರುತು ಮಾಡಿಟ್ಟಿದ್ದ ನಾಲ್ಕರಲ್ಲಿ ಎರಡು ಗಬ್ಬ. ಮುಂದಿನ ವಾರ ಇನ್ನೆರಡರ ಗರ್ಭ ಪರೀಕ್ಷೆ ಇದೆ, ಅಲ್ಲಿಯವರೆಗೆ ಕಾಯುತ್ತೇನೆ ಎಂದಿದ್ದಾರೆ.