‘ಓಡ್ತಾ ಇದೆಯಲ್ಲ’ ಅನ್ನುವುದು ಉತ್ತರವಲ್ಲ

‘ಓಡ್ತಾ ಇದೆಯಲ್ಲಮ್ಮಾ, ಸುಮ್ನೆ ಯಾಕೆ ಕೈ ಹಾಕ್ತೀಯಾ?’

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಇದು. ಮೈಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ಖಾಸಗಿ ಕಾಲೇಜುಗಳ ಪ್ರವೇಶ ಅರ್ಜಿ, ಶುಲ್ಕದ ರಸೀದಿ, ಹಾಜರಾತಿ, ಅಂಕಗಳೆಲ್ಲ ನಮ್ಮ 3 ಸರ್ವರ್‌ಗಳಲ್ಲಿವೆ. ಸಾವಿರಾರು ವಿದ್ಯಾರ್ಥಿಗಳ ಮನೆ ವಿಳಾಸ, ಅಪ್ಪ–ಅಮ್ಮನ ಮೊಬೈಲ್ ನಂಬರ್, ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲವೂ ಅಲ್ಲಿವೆ.

ಆ ಮೂರೂ ಸರ್ವರ್‌ಗಳಲ್ಲಿದ್ದದ್ದು ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಂ. 2014ರ ಜುಲೈನಲ್ಲಿ ಬಂದದ್ದು. ಉಚಿತ, ಗಟ್ಟಿಮುಟ್ಟು, ತಿಂಗಳುಗಟ್ಟಲೆ ರೀಸ್ಟಾರ್ಟ್ ಮಾಡದಿದ್ದರೂ ತಕರಾರಿಲ್ಲ. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯುತ್ತದೆ ಎಂಬುದು ವರ್ಷಗಳ ಮೊದಲೇ ಪ್ರಕಟವಾಗಿತ್ತು. ಆದರೆ ನಮ್ಮ ಆಫೀಸಿನ ಯಾವ ಕ್ಯಾಲೆಂಡರ್‌ನಲ್ಲೂ ಆ ದಿನಾಂಕ ಇರಲಿಲ್ಲ. ಜುಲೈ ಮೊದಲ ವಾರ ಎಂದಿನಂತೆ ಅಪ್‌ಡೇಟ್ ಮಾಡಲು ಹೋದೆ. ಅಪ್‌ಡೇಟ್ ಸಿಗಬೇಕಾದ ವಿಳಾಸವೇ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಇಂಟರ್ನೆಟ್ ಹೋಗಿದೆ ಎಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡಿದೆ. ಇಂಟರ್ನೆಟ್ ಸರಿಯಾಗಿಯೇ ಇತ್ತು. ಆ ವಿಳಾಸವನ್ನೇ ಮುಚ್ಚಿಬಿಟ್ಟಿದ್ದರು.

ಬೆಂಬಲ ಮುಗಿಯಿತು ಎಂದರೆ ಯಂತ್ರ ನಿಲ್ಲುತ್ತದೆ ಎಂದಲ್ಲ. ಅದು ಮರುದಿನವೂ ಓಡುತ್ತದೆ. ಸಮಸ್ಯೆ ಇರುವುದೇ ಅಲ್ಲಿ. ಯಾವುದೇ ಆಪರೇಟಿಂಗ್ ಸಿಸ್ಟಂನಲ್ಲಿ ತಪ್ಪುಗಳು ಪತ್ತೆಯಾಗುತ್ತಲೇ ಇರುತ್ತವೆ. ಬೆಂಬಲ ಇರುವವರೆಗೆ ತಯಾರಿಸಿದವರು ತೇಪೆ ಕಳಿಸುತ್ತಾರೆ. ಮುಗಿದ ಮೇಲೆ ಹೊಸ ಆವೃತ್ತಿಗೆ ಮಾತ್ರ ತೇಪೆ ಬರುತ್ತದೆ. ಎಲ್ಲಿಗೆ ತೇಪೆ ಹಾಕಿದರು ಎಂಬುದನ್ನು ಕಳ್ಳರೂ ಓದುತ್ತಾರೆ. ಅದೇ ತೂತು ಹಳೆಯ ಆವೃತ್ತಿಯಲ್ಲೂ ಇದ್ದರೆ ಅದು ತೆರೆದೇ ಇರುತ್ತದೆ ಎಂದು ಅವರಿಗೆ ಗೊತ್ತು. ಹೀಗೆ ಹೊಸಬರನ್ನು ಕಾಯುವ ಪ್ರತಿ ತೇಪೆಯೂ ಹಳಬರ ಮನೆಯ ದಾರಿ ತೋರಿಸುತ್ತದೆ.

ಆಗಸ್ಟ್‌ನಲ್ಲಿ ಒಂದು ಕಾಲೇಜಿನಿಂದ ಭದ್ರತೆಯ ಪ್ರಶ್ನಾವಳಿ ಬಂತು. ‘ನಿಮ್ಮ ಸರ್ವರ್‌ಗಳಿಗೆ ಭದ್ರತಾ ಅಪ್‌ಡೇಟ್ ಸಿಗುತ್ತಿದೆಯೇ?’ ಎಂಬ ಪ್ರಶ್ನೆ ಅದರಲ್ಲಿತ್ತು. ನಾನು ಸರ್ ಮುಖ ನೋಡಿದೆ. ‘ಹೌದು ಅಂತ ಹಾಕಮ್ಮಾ, ಯಾರು ಬಂದು ನೋಡ್ತಾರೆ?’ ಅಂದರು. ಹಾಕಿದೆ. ಕೆಳಗೆ ಸಹಿಯನ್ನೂ ಮಾಡಿದೆ.

ಅದೇ ವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ‘ಅಕ್ಕಾ, ಆಧಾರ್ ಅಪ್‌ಲೋಡ್ ಆಗ್ತಿಲ್ಲ. ನಿಮ್ಮ ಕಂಪನಿದೇ ಅಲ್ವಾ ಈ ಸಾಫ್ಟ್‌ವೇರ್?’ ಎಂದಳು. ಫೈಲ್ ಚಿಕ್ಕದು ಮಾಡಿ ಹಾಕು ಅಂದೆ. ಅಪ್‌ಲೋಡ್ ಆಯಿತು. ಅವಳು ಖುಷಿಯಿಂದ ಫೋನ್ ಇಟ್ಟಳು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ. ಬಾಗಿಲು ಭದ್ರವಿಲ್ಲದ ಮನೆಯೊಳಗೆ ನನ್ನ ತಂಗಿಯನ್ನು ನಾನೇ ಕರೆದಿದ್ದೆ.

ಸರ್ ಕೆಟ್ಟವರಲ್ಲ. ಅವರ ಭಯಕ್ಕೂ ಕಾರಣವಿದೆ. ಹಿಂದೊಮ್ಮೆ ಶುಲ್ಕ ಕಟ್ಟುವ ಕೊನೆಯ ದಿನವೇ ಯಾವುದೋ ಅಪ್‌ಡೇಟ್‌ನಿಂದ ಪುಟ ತೆರೆಯದೆ, ಮೂರು ಕಾಲೇಜುಗಳಿಂದ ಬೈಸಿಕೊಂಡಿದ್ದರಂತೆ. ಜೊತೆಗೆ ನಮ್ಮ ಹಳೆಯ ಅಂಕಪಟ್ಟಿ ಸಾಫ್ಟ್‌ವೇರ್ ಬರೆದದ್ದು ಪಿಎಚ್‌ಪಿ 5.4ರಲ್ಲಿ. ಅದು ಬಳಸುವ ಡೇಟಾಬೇಸ್ ಆದೇಶಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದ್ದಾರೆ. ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಪಿಎಚ್‌ಪಿ ಬದಲಾಗುತ್ತದೆ, ಪಿಎಚ್‌ಪಿ ಬದಲಾದರೆ ಸಾಫ್ಟ್‌ವೇರ್ ನಿಲ್ಲುತ್ತದೆ. ಅದನ್ನು ಬರೆದವರು ಕೆಲಸ ಬಿಟ್ಟು ವರ್ಷಗಳಾಗಿವೆ. ಹಳೆಯ ಸರ್ವರ್‌ಗಳು ಉಳಿಯುವುದು ಬರೀ ಸೋಮಾರಿತನದಿಂದಲ್ಲ. ಒಂದು ಹಳತು ಇನ್ನೊಂದು ಹಳತನ್ನು ಹಿಡಿದುಕೊಂಡಿರುತ್ತದೆ.

ಆದರೆ ಕಾರಣ ಇದೆ ಎಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ದಾಳಿ ಜಗತ್ತನ್ನೇ ನಡುಗಿಸಿತು. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ಕ್ಕೆ ಅದನ್ನು ಎಲ್ಲರಿಗೂ ಬಿಡುಗಡೆ ಮಾಡಿದ್ದು ದಾಳಿಯ ನಂತರವೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19 ಸಾವಿರ ರೋಗಿಗಳ ಭೇಟಿ ಹಾಗೂ ಚಿಕಿತ್ಸೆಗಳು ರದ್ದಾದವು ಎಂಬ ಅಂದಾಜು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯ ವರದಿಯಲ್ಲಿದೆ. ಅಲ್ಲಿ ಸೋಂಕು ತಗುಲಿದ ಹೆಚ್ಚಿನವು ಬೆಂಬಲ ಇದ್ದೂ ತೇಪೆ ಹಾಕದೆ ಬಿಟ್ಟಿದ್ದ ವಿಂಡೋಸ್ 7 ಕಂಪ್ಯೂಟರ್‌ಗಳು. ತೇಪೆ ಬಾರದಿದ್ದರೂ ಬಂದದ್ದನ್ನು ಹಾಕದಿದ್ದರೂ ಫಲ ಒಂದೇ.

ಬದಲಾಯಿಸುವುದು ಅಸಾಧ್ಯವೇನಲ್ಲ. ನಮ್ಮ ದೇಶದ ಎಟಿಎಂಗಳೇ ಉದಾಹರಣೆ. ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಂ ಇರುವ ಎಟಿಎಂಗಳನ್ನು ಹಂತಹಂತವಾಗಿ ಬದಲಿಸಿ, 2019ರ ಜೂನ್ ಒಳಗೆ ಮುಗಿಸಬೇಕೆಂದು ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ಬ್ಯಾಂಕಿಗೆ ಹೀಗೆ ಗಡುವು ಕೊಡುವವರಿದ್ದಾರೆ. ಕಾಲೇಜು, ನರ್ಸಿಂಗ್ ಹೋಂ, ಸಹಕಾರ ಸಂಘಗಳ ದಾಖಲೆ ಇಟ್ಟುಕೊಂಡಿರುವ ನಮ್ಮಂಥ ಚಿಕ್ಕ ಕಂಪನಿಗಳನ್ನು ಕೇಳುವವರು ಯಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸಮಂಜಸ ಭದ್ರತಾ ಕ್ರಮ ಕೈಗೊಳ್ಳದೆ ದತ್ತಾಂಶ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಆದರೆ ದಂಡದ ಮಾತು ಬರುವುದು ಸೋರಿದ ಮೇಲೆ. ಒಮ್ಮೆ ಹೊರಗೆ ಹೋದ ಆಧಾರ್ ಪ್ರತಿಯನ್ನು ಯಾವ ದಂಡವೂ ವಾಪಸ್ ತರುವುದಿಲ್ಲ.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಎಂದು ತಿಳಿದ ಮೇಲೆ ನಾನು ಒಂದು ಪುಟದ ಇಮೇಲ್ ಬರೆದೆ. ಯಾವ ಸರ್ವರ್‌ನಲ್ಲಿ ಏನಿದೆ, ಬೆಂಬಲ ಎಂದು ಮುಗಿಯಿತು, ಸೋರಿದರೆ ಯಾರದ್ದೆಲ್ಲ ಹೋಗುತ್ತದೆ, ಬದಲಿಸಲು ಎಷ್ಟು ದಿನ ಬೇಕು ಎಂದು ನಾಲ್ಕು ಭಾಗ ಮಾಡಿದೆ. ಕೊನೆಯಲ್ಲಿ, ‘ಆ ಪ್ರಶ್ನಾವಳಿಯಲ್ಲಿ ನಾನು ಬರೆದ ಉತ್ತರ ತಪ್ಪು. ಅದನ್ನು ತಿದ್ದಿ ಕಳಿಸಲು ಅನುಮತಿ ಕೊಡಿ’ ಎಂದು ಸೇರಿಸಿದೆ. ಕಳಿಸುವಾಗ ಕೈ ನಡುಗಿತು. ಎರಡು ದಿನ ಸರ್ ಮಾತಾಡಲಿಲ್ಲ. ಮೂರನೇ ದಿನ, ‘ಭಾನುವಾರ ಬರ್ತೀಯಾ? ನಾನೂ ಬರ್ತೀನಿ’ ಅಂದರು.

ಸೆಂಟ್‌ಓಎಸ್ 8ಕ್ಕೆ ಹೋಗುವ ಹಾಗಿರಲಿಲ್ಲ. ಅದನ್ನು 2021ರ ಕೊನೆಗೇ ನಿಲ್ಲಿಸಿದ್ದರು. ಅದರ ಜಾಗ ತುಂಬಲು ಹುಟ್ಟಿಕೊಂಡ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಉಚಿತ. ಮೊದಲು ಬ್ಯಾಕಪ್ ತೆಗೆದೆವು. ಆ ಬ್ಯಾಕಪ್‌ನಿಂದ ಬೇರೊಂದು ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡಿದೆವು. ಹಾಗೆ ಪರೀಕ್ಷಿಸದ ಬ್ಯಾಕಪ್ ಬರೀ ನಂಬಿಕೆ ಅಷ್ಟೇ. ಐದು ಭಾನುವಾರಗಳಲ್ಲಿ 2 ಸರ್ವರ್‌ಗಳು ಆಲ್ಮಾಲಿನಕ್ಸ್ 9ಕ್ಕೆ ಬಂದವು. ಹಳೆಯ ಅಂಕಪಟ್ಟಿ ಇರುವ ಮೂರನೆಯದನ್ನು ತಕ್ಷಣ ಬದಲಿಸಲು ಆಗಲಿಲ್ಲ. ಅದನ್ನು ಇಂಟರ್ನೆಟ್‌ನಿಂದ ಪೂರ್ತಿ ಬೇರ್ಪಡಿಸಿದೆವು. ಈಗ ಆಫೀಸಿನ ಎರಡು ಕಂಪ್ಯೂಟರ್‌ಗಳಿಂದ ಮಾತ್ರ ಅದನ್ನು ತೆರೆಯಬಹುದು. ಬೇರೆ ಎಲ್ಲ ದಾರಿಗಳನ್ನೂ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೇವೆ. ಆ ಸಾಫ್ಟ್‌ವೇರ್ ಅನ್ನು ಹೊಸದಾಗಿ ಬರೆಯುವ ಕೆಲಸ ನಡೆದಿದೆ. ಇದು ಗುಣಪಡಿಸಿದ್ದಲ್ಲ, ಪಥ್ಯ ಮಾಡಿಸಿದ್ದು ಎಂದು ನನಗೆ ಗೊತ್ತು.

ತಿದ್ದಿದ ಉತ್ತರವನ್ನೂ ಕಳಿಸಿದೆವು. ಕಾಲೇಜಿನವರು ಒಪ್ಪಂದ ರದ್ದು ಮಾಡುತ್ತಾರೆ ಎಂದು ಹೆದರಿದ್ದೆವು. ಅವರು ಕೇಳಿದ್ದು ಒಂದೇ: ‘ಯಾವಾಗ ಮುಗಿಸ್ತೀರಿ? ದಿನಾಂಕ ಕೊಡಿ.’

ನಾನು ಕೇಳುವುದೂ ಅಷ್ಟೇ. ಸಾಫ್ಟ್‌ವೇರ್ ಕೊಳ್ಳುವ ಪ್ರತಿ ಸಂಸ್ಥೆಯೂ ಕರಾರಿನಲ್ಲಿ ಎರಡು ಸಾಲು ಸೇರಿಸಲಿ. ಇದು ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತದೆ, ಅದರ ಬೆಂಬಲದ ಕೊನೆಯ ದಿನ ಯಾವುದು ಎಂಬುದು ಒಂದು. ಆ ದಿನದೊಳಗೆ ಬದಲಿಸುವ ಹೊಣೆ ಯಾರದ್ದು, ಖರ್ಚು ಯಾರದ್ದು ಎಂಬುದು ಇನ್ನೊಂದು. ರಸ್ತೆಯಲ್ಲಿ ಓಡುವ ಬಸ್ಸಿಗೆ ಎಫ್‌ಸಿ ಕೇಳುತ್ತೇವೆ. ‘ಓಡ್ತಾ ಇದೆಯಲ್ಲ’ ಎಂದರೆ ಆರ್‌ಟಿಒ ಒಪ್ಪುವುದಿಲ್ಲ. ನಮ್ಮ ಬದುಕಿನ ದಾಖಲೆ ಹೊತ್ತ ಯಂತ್ರಕ್ಕೆ ಯಾಕೆ ಬೇಡ?

ನನ್ನಂತೆ ಈಗಷ್ಟೇ ಕೆಲಸಕ್ಕೆ ಸೇರಿದ ಗೆಳೆಯ–ಗೆಳತಿಯರಲ್ಲೂ ಒಂದು ಮಾತು. ಹೊಸ ಆ್ಯಪ್ ಮಾಡಿದವರಿಗೆ ಆಫೀಸಿನಲ್ಲಿ ಕೇಕ್ ಕತ್ತರಿಸುತ್ತಾರೆ. ಆಗಬೇಕಿದ್ದ ಅನಾಹುತ ಆಗದಂತೆ ನೋಡಿಕೊಂಡವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೂ ಆ ಕೆಲಸ ಮಾಡಿ. ದೊಡ್ಡವರು ಬೇಡ ಅಂದರೆ ಜಗಳ ಬೇಡ, ದಿನಾಂಕ ಸಮೇತ ಬರೆದು ಕೊಡಿ. ಗೊತ್ತಿದ್ದೂ ಸುಳ್ಳು ಉತ್ತರಕ್ಕೆ ಸಹಿ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ಆ ದಿನಗಳಲ್ಲಿ ಏನೂ ಆಗದಿದ್ದದ್ದು ಅದೃಷ್ಟ, ನನ್ನ ಜಾಣತನವಲ್ಲ.

ನಮ್ಮ ಹೊಸ ಸರ್ವರ್‌ಗಳ ಮೇಲೆ ಈಗ ಒಂದೊಂದು ಚೀಟಿ ಅಂಟಿಸಿದ್ದೇನೆ. ‘ಬೆಂಬಲ 2032ರ ಮೇ 31ರವರೆಗೆ. 2031ರಲ್ಲೇ ಕೆಲಸ ಶುರು ಮಾಡಿ’ ಎಂದು ಬರೆದಿದ್ದೇನೆ. ಅಷ್ಟರಲ್ಲಿ ನಾನು ಈ ಕಂಪನಿಯಲ್ಲಿ ಇರುತ್ತೇನೋ ಇಲ್ಲವೋ. ನನ್ನ ಕುರ್ಚಿಗೆ ಬರುವವರು ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂರುವುದು ಬೇಡ.